ಕಾಗದದ ವೇಗ, ದಾರಿಯ ವೇಗ

ಲೋಕದಲ್ಲಿ ಮೋಟಾರುಗಾಡಿಗಳ ವಿಚಾರವಾಗಿ ಮಾತನಾಡುವವರು ಎರಡು ತೆರ. ಗಾಡಿಯುಳ್ಳವರು ಒಂದು ತೆರ. ಗಾಡಿಯಿಲ್ಲದವರು ಇನ್ನೊಂದು ತೆರ. ಗಾಡಿಯುಳ್ಳವರ ಮಾತು ಪೆಟ್ರೋಲಿನ ಬೆಲೆ, ಟೈರಿನ ಸವೆತ, ವಿಮೆಯ ಕಂತು ಇವುಗಳನ್ನು ದಾಟಿ ಆಚೆಗೆ ಹೋಗುವುದಿಲ್ಲ. ಗಾಡಿಯಿಲ್ಲದವರಿಗೆ ಈ ಯಾವ ಬಂಧನವೂ ಇಲ್ಲವಾದ್ದರಿಂದ ಅವರ ಮಾತು ಗಂಟೆಗೆ 400 ಕಿಲೋಮೀಟರಿಗಿಂತ ಕೆಳಗೆ ಇಳಿಯುವುದೇ ಇಲ್ಲ. ನಮ್ಮ ಕಾಲೇಜಿನ ಹಾಸ್ಟೆಲು ಈ ಎರಡನೆಯ ತೆರದವರಿಂದ ತುಂಬಿ ತುಳುಕುತ್ತಿದೆಯೆಂದರೆ ಅತಿಶಯೋಕ್ತಿಯಾಗಲಾರದು. ರಾತ್ರಿ ಊಟದ ತಟ್ಟೆ ತೊಳೆದಿಟ್ಟು ಜಗುಲಿಯ ಮೇಲೆ ಕುಳಿತರೆಂದರೆ ಸಾಕು, ಬಸ್ ಪಾಸಿನ ಅವಧಿ ಮುಗಿದಿರುವ ಮಹಾಶಯನೊಬ್ಬನು ಬುಗಾಟಿಯ ಪಕ್ಷ ಹಿಡಿಯುತ್ತಾನೆ. ಮೆಸ್ಸಿನ ಬಾಕಿ ಕಟ್ಟಬೇಕಾಗಿರುವ ಇನ್ನೊಬ್ಬನು ಕೊಯೆನಿಗ್‌ಸೆಗ್ಗಿನ ಪಕ್ಷ ಹಿಡಿಯುತ್ತಾನೆ. ಲೈಟು ಆರಿಸುವವರೆಗೆ ವಾಗ್ವಾದ ನಡೆಯುತ್ತದೆ.

ಈ ವಾಗ್ವಾದದ ವಿಷಯ ಪ್ರತಿಸಲವೂ ಒಂದೇ. ಗಾಡಿ ತಯಾರಿಸಿದವರು ತಮ್ಮ ಕಾಗದದಲ್ಲಿ ಅಚ್ಚು ಹಾಕಿಸುವ ಪರಮಾವಧಿ ವೇಗ ಒಂದು. ಅದೇ ಗಾಡಿ ನಿಜವಾದ ದಾರಿಯಲ್ಲಿ, ನಿಜವಾದ ಗಾಳಿಯಲ್ಲಿ ಓಡಿ ತೋರಿಸುವ ವೇಗ ಇನ್ನೊಂದು. ಮೊದಲನೆಯದನ್ನು ಕಾಗದದ ವೇಗವೆಂದೂ ಎರಡನೆಯದನ್ನು ದಾರಿಯ ವೇಗವೆಂದೂ ಕರೆಯೋಣ. ಇವೆರಡರ ನಡುವೆ ಎಷ್ಟು ಅಂತರವಿದೆ, ಅದು ಸುಳ್ಳೋ ಸಹಜವೋ, ಅಳೆಯುವವರು ಯಾರು, ಅಳೆದವರನ್ನು ನಂಬುವುದು ಹೇಗೆ, ಇವೇ ಪ್ರಶ್ನೆಗಳು. ಇದು ನಮ್ಮ ಜಗುಲಿಯ ಹುಚ್ಚು ಮಾತ್ರವೇ ಅಲ್ಲ. ಯೂರೋಪು ಅಮೆರಿಕಗಳ ಮೋಟಾರು ಪ್ರಿಯರು ಮುಕ್ಕಾಲು ಶತಮಾನದಿಂದ ಇದನ್ನೇ ಚರ್ಚಿಸುತ್ತ ಬಂದಿದ್ದಾರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಯಂತ್ರಶಾಸ್ತ್ರದ ಗಂಧ ಅಷ್ಟಾಗಿ ಇಲ್ಲ. ಆದರೆ ಈ ಚರ್ಚೆಯನ್ನು ಕೇಳುತ್ತ ಕೇಳುತ್ತ, ಇದು ನಮ್ಮ ಶಾಸ್ತ್ರಕ್ಕೂ ನಮ್ಮ ಮನೆಯ ಒಲೆಗೂ ಸೇರಿದ ವಿಷಯವೆಂದು ತೋರಿತು. ಆ ಕಾರಣದಿಂದ ಈ ನಾಲ್ಕು ಮಾತು.

ಜಾಗ್ವಾರ್ ಎಂಬ ಇಂಗ್ಲೆಂಡಿನ ಸಂಸ್ಥೆಯ ಕಥೆಯಿಂದ ಆರಂಭಿಸಬಹುದು. 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಅವರು ಎಕ್ಸ್‌ಕೆ 120 ಎಂಬ ಗಾಡಿಯನ್ನು ನಿಲ್ಲಿಸಿದರು. ಹೆಸರಿನಲ್ಲಿದ್ದ 120 ಎಂಬುದು ಗಂಟೆಗೆ 120 ಮೈಲಿ, ಎಂದರೆ ಸುಮಾರು 193 ಕಿಲೋಮೀಟರ್ ವೇಗದ ಘೋಷಣೆ. ಯುದ್ಧ ಮುಗಿದು ಮೂರೇ ವರ್ಷವಾಗಿದ್ದ ಕಾಲ, ಜನ ನಂಬಲಿಲ್ಲ. ಸಂಸ್ಥೆಯವರು ವಾದ ಮಾಡುತ್ತ ಕೂರಲಿಲ್ಲ. 1949ರ ಮೇ ತಿಂಗಳಲ್ಲಿ ಪತ್ರಕರ್ತರನ್ನು ವಿಮಾನದಲ್ಲಿ ಬೆಲ್ಜಿಯಮ್ಮಿಗೆ ಕರೆದೊಯ್ದು, ಜಾಬೆಕೆ ಎಂಬ ಊರಿನ ಬಳಿಯ ನೇರವಾದ ಹೆದ್ದಾರಿಯಲ್ಲಿ ಅವರ ಕಣ್ಣೆದುರಿಗೇ ಗಾಡಿಯನ್ನು ಓಡಿಸಿದರು. ಎದುರುಗಾಜು ತೆಗೆದಿಟ್ಟು ಓಡಿಸಿದಾಗ 132.6 ಮೈಲಿ ಬಂತು. ಗಾಜು, ಮೇಲುಹೊದಿಕೆಗಳನ್ನು ಹಾಕಿ ಓಡಿಸಿದಾಗಲೂ 126 ಮೈಲಿ ದಾಟಿತು. ಹೆಸರಿಗಿಂತ ಗಾಡಿಯೇ ಮುಂದೆ! ಇಂಥ ಪ್ರಸಂಗ ಚರಿತ್ರೆಯಲ್ಲಿ ಬಹಳವಿಲ್ಲ.

ಅದೇ ಸಂಸ್ಥೆ 1961ರಲ್ಲಿ ಇ-ಟೈಪ್ ಎಂಬ ಸುಂದರಿಯನ್ನು ಹೊರತಂದು 150 ಮೈಲಿಯೆಂದು ಸಾರಿತು. ‘ಆಟೋಕಾರ್’ ಪತ್ರಿಕೆಯವರು ಅಳೆದು 150.4 ಎಂದು ಬರೆದರು. ಜನ ಮರುಳಾದರು. ಆದರೆ ಪತ್ರಿಕೆಯವರ ಕೈಗೆ ಕೊಟ್ಟ ಗಾಡಿ ಕಾರ್ಖಾನೆಯಲ್ಲಿ ಬಹು ಜೋಪಾನವಾಗಿ ಸಿದ್ಧಪಡಿಸಿದ ಗಾಡಿ; ಮುಂದೆ ಗಿರಾಕಿಗಳ ಮನೆಗೆ ಹೋದ ಸಾಧಾರಣ ಗಾಡಿಗಳಿಗೆ 150ರ ಗೆರೆ ಸುಲಭವಾಗಿ ಸಿಕ್ಕಲಿಲ್ಲವೆಂಬುದು ಈಗ ಮೋಟಾರು ಪ್ರಿಯರೆಲ್ಲ ಒಪ್ಪಿರುವ ಮಾತು. ಇನ್ನು 1992ರಲ್ಲಿ ಬಂದ ಎಕ್ಸ್‌ಜೆ 220 ಎಂಬ ಗಾಡಿಯ ಕಥೆ ಕೇಳಿರಿ. ಹೆಸರಿನಲ್ಲಿಯೇ 220 ಮೈಲಿ. ಇಟಲಿಯ ನಾರ್ಡೋ ಎಂಬಲ್ಲಿರುವ ಉಂಗುರದಾಕಾರದ ಪರೀಕ್ಷಾಪಥದಲ್ಲಿ ಓಡಿಸಿದಾಗ 212.3 ಬಂತು. ಹೊಗೆಯನ್ನು ಶುದ್ಧಿಮಾಡುವ ಸಾಧನವನ್ನು ಕಿತ್ತು, ಎಂಜಿನ್ನಿನ ಸುತ್ತುಗಳಿಗೆ ಹಾಕಿದ್ದ ಮಿತಿಯನ್ನು ಮೇಲೇರಿಸಿ ಓಡಿಸಿದಾಗ 217.1 ಬಂತು. 220 ಹೆಸರಿನಲ್ಲಿಯೇ ಉಳಿಯಿತು. ‘ವರ್ತುಲದ ದಾರಿಯಲ್ಲಿ ಟೈರು ಸದಾ ಉಜ್ಜುತ್ತಿರುತ್ತದೆ, ನೇರ ದಾರಿಯಿದ್ದಿದ್ದರೆ ಮುಟ್ಟುತ್ತಿತ್ತು’ ಎಂದು ಅದರ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. ‘ಇದ್ದಿದ್ದರೆ’ ಎಂಬ ಪದ ಪರೀಕ್ಷೆಯ ಫಲಿತಾಂಶದ ದಿನ ನಮ್ಮಲ್ಲಿಯೂ ಬಹಳವಾಗಿ ಕೇಳಿಬರುತ್ತದಷ್ಟೆ.

ಕಾಗದಕ್ಕೂ ದಾರಿಗೂ ಹೀಗೆ ಜಗಳ ಬರಲು ಮುಖ್ಯ ಕಾರಣ ಗಾಳಿ. ನಾವು ನಡೆಯುವಾಗ ಗಾಳಿ ಇದೆಯೆಂಬುದೇ ನೆನಪಿರುವುದಿಲ್ಲ. ಗಾಡಿ ವೇಗವಾದಂತೆ ಅದೇ ಗಾಳಿ ಗೋಡೆಯಾಗುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಗೆಲ್ಲಲು ಬೇಕಾಗುವ ಎಂಜಿನ್ನಿನ ಶಕ್ತಿ ಎಂಟರಷ್ಟಾಗುತ್ತದೆ. ಅರ್ಥಶಾಸ್ತ್ರದ ಮಿತ್ರನೊಬ್ಬನು ಇದನ್ನು ನಂಬದೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡಿದ. ಬುಗಾಟಿ ವೇರಾನ್ ಗಾಡಿಗೆ 1001 ಅಶ್ವಶಕ್ತಿ. ಅದರ ವೇಗ ಗಂಟೆಗೆ 407 ಕಿಲೋಮೀಟರ್. 2010ರಲ್ಲಿ ಬಂದ ಅದರ ತಮ್ಮ ಸೂಪರ್ ಸ್ಪೋರ್ಟಿಗೆ 1200 ಅಶ್ವಶಕ್ತಿ, ವೇಗ 431. ವೇಗದಲ್ಲಿ ಹೆಚ್ಚಿದ್ದು ನೂರಕ್ಕೆ ಆರೇ ಪಾಲು. ಅದಕ್ಕಾಗಿ ಶಕ್ತಿಯಲ್ಲಿ ತೆತ್ತದ್ದು ನೂರಕ್ಕೆ ಇಪ್ಪತ್ತು ಪಾಲು. 1.06 ಎಂಬ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ 1.19 ಬರುತ್ತದೆ! ‘ಇಳಿಮುಖ ಪ್ರತಿಫಲ ನಿಯಮಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನಮ್ಮ ಪಠ್ಯಪುಸ್ತಕದಲ್ಲಿಯೂ ಇಲ್ಲ’ ಎಂದು ಅವನು ಅಂದಿನಿಂದ ಮೋಟಾರು ಚರ್ಚೆಗೆ ತಪ್ಪದೆ ಬರುತ್ತಾನೆ.

ಹೀಗಿರುವುದರಿಂದ ಪರಮಾವಧಿಯ ಬಳಿ ಬಂದಾಗ ಪ್ರತಿಯೊಂದು ಸಣ್ಣ ವಿಷಯವೂ ದೊಡ್ಡದಾಗುತ್ತದೆ. ಬೆನ್ನ ಹಿಂದಿನಿಂದ ಬೀಸುವ ಗಾಳಿ, ಕಣ್ಣಿಗೆ ಕಾಣದ ಇಳಿಜಾರು, ಮುಚ್ಚಿದ ಕನ್ನಡಿ, ಟೈರಿನ ಗಾಳಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದುದರಿಂದಲೇ ಹಿರಿಯರು ಒಂದು ನಿಯಮ ಮಾಡಿದರು: ಗಾಡಿ ಒಂದು ದಿಕ್ಕಿಗೆ ಓಡಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿ ಓಡಬೇಕು, ಎರಡರ ಸರಾಸರಿಯೇ ವೇಗವೆಂದು ಎಣಿಸಬೇಕು. ಹೋಗುವಾಗ ಗೆಳೆಯನಾದ ಗಾಳಿ ಬರುವಾಗ ಶತ್ರುವಾಗುವುದರಿಂದ ಲೆಕ್ಕ ಸಮವಾಗುತ್ತದೆ. ಎಷ್ಟು ಸರಳವಾದ, ಎಷ್ಟು ನ್ಯಾಯವಾದ ನಿಯಮ! ಆದರೂ ಎಲ್ಲರೂ ಇದನ್ನು ಪಾಲಿಸುವುದಿಲ್ಲ. 2019ರಲ್ಲಿ ಬುಗಾಟಿ ಕಿರಾನ್ ಜರ್ಮನಿಯ ಎರಾ-ಲೆಸ್ಸಿಯನ್ ಪಥದಲ್ಲಿ ಗಂಟೆಗೆ 490.48 ಕಿಲೋಮೀಟರ್ ಓಡಿದ್ದು ಒಂದೇ ದಿಕ್ಕಿಗೆ. 2025ರಲ್ಲಿ ಚೀನಾದ ಯಾಂಗ್‌ವಾಂಗ್ ಎಂಬ ವಿದ್ಯುತ್ ಗಾಡಿ ಜರ್ಮನಿಯ ಪಾಪೆನ್‌ಬುರ್ಗಿನಲ್ಲಿ 496.22 ಮುಟ್ಟಿದ್ದೂ ಒಂದೇ ದಿಕ್ಕಿಗೆ. ಇವು ಸುಳ್ಳಲ್ಲ, ಆದರೆ ಎರಡೂ ದಿಕ್ಕಿಗೆ ಓಡಿದವರ ಪಕ್ಕದಲ್ಲಿ ಇವರನ್ನು ಕೂರಿಸಲು ಪಂಕ್ತಿ ಧರ್ಮ ಬಲ್ಲವರು ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಮೇಲೆ ಹೇಳಿದ ವೇರಾನ್ ಸೂಪರ್ ಸ್ಪೋರ್ಟ್ 431 ಕಿಲೋಮೀಟರ್ ಓಡಿದ್ದು ನಿಜ. ಆದರೆ ಹಣ ಕೊಟ್ಟು ಕೊಂಡವರಿಗೆ ಕೊಟ್ಟ ಗಾಡಿ, ಟೈರಿನ ರಕ್ಷಣೆಗಾಗಿ, 415ರಲ್ಲಿ ನಿಲ್ಲುವಂತೆ ಕಡಿವಾಣ ಹಾಕಿದ ಗಾಡಿ. ‘ಮಾರುವ ಗಾಡಿಯ ದಾಖಲೆಯೆಂದು ಹೇಳಿ ಮಾರದ ಗಾಡಿಯನ್ನು ಓಡಿಸಿದಿರಲ್ಲ!’ ಎಂದು ಆಕ್ಷೇಪ ಬಂದು, 2013ರಲ್ಲಿ ಗಿನ್ನೆಸ್ ಸಂಸ್ಥೆಯವರು ದಾಖಲೆಯನ್ನು ರದ್ದು ಮಾಡಿದರು. ಕೆಲವೇ ವಾರಗಳಲ್ಲಿ, ಕಡಿವಾಣ ಸಡಿಲಿಸಿದ ಮಾತ್ರಕ್ಕೆ ಗಾಡಿ ಬೇರೆಯಾಗುವುದಿಲ್ಲವೆಂದು ತೀರ್ಮಾನಿಸಿ ಮತ್ತೆ ಮನ್ನಿಸಿದರು. ಯಾವುದು ಸರಿ? ನಮ್ಮ ಜಗುಲಿಯಲ್ಲಿ ಈ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ.

ಕಾಗದದ ಅಂಕಿ ಸದಾ ದೊಡ್ಡದೇ ಆಗಿರುತ್ತದೆಂದು ತಿಳಿಯಬಾರದು. ಜಪಾನಿನ ತಯಾರಕರು 1989ರಿಂದ 2004ರವರೆಗೆ ತಮ್ಮೊಳಗಿನ ಒಂದು ಒಪ್ಪಂದದಂತೆ, ತಮ್ಮ ದೇಶದಲ್ಲಿ ಮಾರುವ ಯಾವ ಗಾಡಿಯ ಶಕ್ತಿಯೂ 280ಕ್ಕಿಂತ ಹೆಚ್ಚಿಲ್ಲವೆಂದು ಬರೆದರು. ನಿಸ್ಸಾನ್ ಸ್ಕೈಲೈನ್ ಜಿಟಿಆರ್ ಮೊದಲಾದ ಗಾಡಿಗಳನ್ನು ಯಂತ್ರಕ್ಕೆ ಕಟ್ಟಿ ಅಳೆದವರು ಅದಕ್ಕಿಂತ ಹೆಚ್ಚನ್ನೇ ಕಂಡರು. ಸಿರಿವಂತನು ತೆರಿಗೆಯ ಅಧಿಕಾರಿಯ ಮುಂದೆ ಹರಿದ ಅಂಗಿ ತೊಟ್ಟು ನಿಂತಂತೆ! ಉಬ್ಬಿಸಿದ ಅಂಕಿಯಂತೆಯೇ ಕುಗ್ಗಿಸಿದ ಅಂಕಿಯೂ ಅಂಕಿಯಲ್ಲ. ಎರಡೂ ಯಾರದೋ ಮುಖ ನೋಡಿ ಆಡಿದ ಮಾತು.

ಈಗ ಈ ಚರ್ಚೆಯ ಮುಕುಟಪ್ರಾಯವಾದ ಪ್ರಸಂಗಕ್ಕೆ ಬರುತ್ತೇನೆ. 2020ರ ಅಕ್ಟೋಬರ್ 10ರಂದು ಅಮೆರಿಕದ ನೆವಾಡ ಸಂಸ್ಥಾನದಲ್ಲಿ, ಪರಂಪ್ ಎಂಬ ಊರಿನ ಬಳಿಯ ಹೆದ್ದಾರಿಯಲ್ಲಿ, ಎಸ್‌ಎಸ್‌ಸಿ ಟುವಾಟಾರ ಎಂಬ ಗಾಡಿ ಓಡಿತು. ಎರಡು ದಿಕ್ಕಿನ ಸರಾಸರಿ ಗಂಟೆಗೆ 508.73 ಕಿಲೋಮೀಟರ್ ಎಂದೂ, ಒಂದು ದಿಕ್ಕಿನಲ್ಲಿ 532.93 ಮುಟ್ಟಿತೆಂದೂ ಸಂಸ್ಥೆಯವರು ಪ್ರಕಟಿಸಿದರು. ಚಲಚ್ಚಿತ್ರವನ್ನೂ ಬಿಡುಗಡೆ ಮಾಡಿದರು. ಪತ್ರಿಕೆಗಳು ಹಾಡಿ ಹೊಗಳಿದವು. ಆಗ ಕೆಲವು ಮೋಟಾರು ಪ್ರಿಯರು, ಹೆಚ್ಚಿನವರು ಯಾವ ಅಧಿಕಾರವೂ ಇಲ್ಲದ ಸಾಮಾನ್ಯರು, ಆ ಚಿತ್ರವನ್ನು ಮತ್ತೆ ಮತ್ತೆ ನೋಡಿದರು. ಅದೇ ದಾರಿಯಲ್ಲಿ 2017ರ ನವೆಂಬರಿನಲ್ಲಿ ಕೊಯೆನಿಗ್‌ಸೆಗ್ ಅಗೇರ ಓಡಿತ್ತು. ಅದರ ಸರಾಸರಿ 447.19. ಅದರ ಚಿತ್ರವೂ ಲಭ್ಯವಿತ್ತು. ದಾರಿಯ ಬದಿಯ ಗುರುತುಗಳು ಎರಡು ಚಿತ್ರಗಳಲ್ಲಿಯೂ ಒಂದೇ. ಈ ಗುರುತಿನಿಂದ ಆ ಗುರುತಿಗೆ ಹೋಗಲು ಎರಡು ಗಾಡಿಗಳಿಗೂ ಎಷ್ಟೆಷ್ಟು ಕ್ಷಣ ಹಿಡಿಯಿತೆಂದು ಲೆಕ್ಕ ಹಾಕಿದರು. ಹೆಚ್ಚು ವೇಗವಾಗಿ ಓಡಿತೆಂದು ಸಾರಿದ ಗಾಡಿಗೇ ಹೆಚ್ಚು ಹೊತ್ತು ಹಿಡಿದಿತ್ತು! ಎಂಜಿನ್ನಿನ ಸುತ್ತು, ಗೇರಿನ ಅನುಪಾತ, ಚಕ್ರದ ಅಳತೆ ಈ ಮೂರರಿಂದ ಗುಣಿಸಿ ನೋಡಿದರೂ ಪರದೆಯ ಮೇಲೆ ಬರೆದ ಅಂಕಿ ತಾಳೆಯಾಗಲಿಲ್ಲ. ವೇಗವನ್ನು ಅಳೆದ ಉಪಕರಣದ ತಯಾರಕರೂ ತಾವು ಆ ಅಂಕಿಯನ್ನು ಪರಿಶೀಲಿಸಿ ದೃಢಪಡಿಸಿದವರಲ್ಲವೆಂದು ಹೇಳಿಕೆ ಕೊಟ್ಟರು.

ಸಂಸ್ಥೆಯವರು ಮೊದಲು ಸಮರ್ಥಿಸಿಕೊಂಡರು. ಬಳಿಕ ಮತ್ತೊಮ್ಮೆ ಓಡಿಸುತ್ತೇವೆಂದರು. 2021ರ ಜನವರಿಯಲ್ಲಿ ಫ್ಲಾರಿಡದಲ್ಲಿ, ಹಿಂದೆ ಅಂತರಿಕ್ಷ ನೌಕೆಗಳು ಇಳಿಯುತ್ತಿದ್ದ ಓಡುದಾರಿಯಲ್ಲಿ, ಸಾಕ್ಷಿಗಳ ಎದುರಿನಲ್ಲಿ ಓಡಿಸಿದಾಗ ಸರಾಸರಿ 455.3 ಬಂತು. ಅದೂ ಸಾಮಾನ್ಯವಾದ ಸಾಧನೆಯಲ್ಲ. ಒಂದು ಕಿಲೋಮೀಟರನ್ನು ಎಂಟು ಸೆಕೆಂಡಿನೊಳಗೆ ದಾಟುವ ವೇಗ. ಆದರೆ 508 ಅಲ್ಲ. ಅದೇ ವರ್ಷದ ಜುಲೈಯಲ್ಲಿ, ತಾವು ಮೊದಲು ಸಾರಿದ ವೇಗವನ್ನು ಮುಟ್ಟಿರಲಿಲ್ಲವೆಂದು ಸಂಸ್ಥೆಯೇ ಒಪ್ಪಿಕೊಂಡಿತು.

ಈ ಕಥೆಯನ್ನು ಕೇಳಿದಾಗ ನನಗೆ ನೆನಪಾದದ್ದು ಮೋಟಾರಲ್ಲ, ಶಾಸನ. ನಮ್ಮ ಇತಿಹಾಸದ ತರಗತಿಯಲ್ಲಿ ಅಧ್ಯಾಪಕರು ಪ್ರಶಸ್ತಿ ಭಾಗವನ್ನು ಓದುವ ಬಗೆಯನ್ನು ಕಲಿಸುತ್ತಾರೆ. ಶಾಸನದ ಆರಂಭದಲ್ಲಿ ರಾಜನ ಬಿರುದುಗಳ ಸಾಲು ಸಾಲು ಬರುತ್ತದೆ. ಹೊಯ್ಸಳರು ತಮ್ಮನ್ನು ‘ದ್ವಾರಾವತೀಪುರವರಾಧೀಶ್ವರ’ರೆಂದು ಕರೆದುಕೊಂಡರು, ಅವರು ಶ್ರೀಕೃಷ್ಣನ ದ್ವಾರಕೆಯನ್ನು ಆಳಿದವರಲ್ಲ. ಅದು ಯದುವಂಶದ ಹೆಮ್ಮೆಗಾಗಿ ಹೊತ್ತ ಬಿರುದು. ಆದರೆ ಅದೇ ಸಾಲಿನಲ್ಲಿ ವಿಷ್ಣುವರ್ಧನನಿಗೆ ‘ತಲಕಾಡುಗೊಂಡ’ ಎಂಬ ಬಿರುದು ಬಂದಾಗ, ಅದು ಚೋಳರಿಂದ ತಲಕಾಡನ್ನು ನಿಜವಾಗಿಯೂ ಗೆದ್ದ ಕಾರ್ಯದ ಗುರುತು. ಒಂದೇ ಕಲ್ಲು, ಒಂದೇ ಉಳಿ, ಒಂದೇ ಅಕ್ಷರ. ಒಂದು ಅಲಂಕಾರ, ಇನ್ನೊಂದು ವೃತ್ತಾಂತ. ಇವೆರಡನ್ನೂ ಬೇರ್ಪಡಿಸುವುದು ಹೇಗೆ? ಇನ್ನೊಂದು ಕಲ್ಲನ್ನು ಹುಡುಕಬೇಕು, ಎದುರು ಪಕ್ಷದವರ ಕಲ್ಲನ್ನೂ ಓದಬೇಕು, ಊರಿನ ಹೆಸರನ್ನೂ ತಿಥಿಯನ್ನೂ ತಾಳೆ ನೋಡಬೇಕು. ನೆವಾಡದ ದಾರಿಬದಿಯ ಗುರುತುಗಳನ್ನು ಎಣಿಸಿದ ಆ ಅಪರಿಚಿತರು ಮಾಡಿದ್ದೂ ಇದನ್ನೇ ಅಲ್ಲವೆ? ಸಂಸ್ಥೆಯ ಅಂಕಿ ಬಿರುದಾವಳಿ. ದಾರಿ ಮಾತ್ರ ಎಲ್ಲರಿಗೂ ಸೇರಿದ ಶಾಸನ. ಕಲಾ ವಿದ್ಯಾರ್ಥಿಗಳಿಗೆ ಮೋಟಾರು ಚರ್ಚೆಯಲ್ಲಿ ಏನು ಕೆಲಸವೆಂದು ಹಾಸ್ಯ ಮಾಡುವ ನೆರೆಯ ಕಾಲೇಜಿನ ವಿಜ್ಞಾನದ ಮಿತ್ರರು ಇದನ್ನು ಗಮನಿಸಬೇಕಾಗಿ ಪ್ರಾರ್ಥನೆ.

ಇಷ್ಟು ಹೊತ್ತು ಕೋಟ್ಯಧೀಶರ ಗಾಡಿಗಳ ಮಾತಾಯಿತು. ಗಂಟೆಗೆ 500 ಓಡಿದರೇನು, 450 ಓಡಿದರೇನು, ನಮಗಾಗುವ ಲಾಭನಷ್ಟವೇನು ಎಂದು ಕೇಳುವವರಿಗಾಗಿ ಈಗ ನಮ್ಮ ಮನೆಯ ಗಾಡಿಯ ಮಾತು. ನಮ್ಮ ಊರು ತೀರ್ಥಹಳ್ಳಿಯ ಕಡೆ. ಅಪ್ಪಯ್ಯ ಬಾಡಿಗೆಯ ಕಾರು ಓಡಿಸುತ್ತಾರೆ. ಆ ಕಾರಿನಿಂದಲೇ ನಮ್ಮ ಮನೆಯ ಅನ್ನ, ನನ್ನ ಓದು. ಕಾರು ಕೊಳ್ಳುವಾಗ ಅಂಗಡಿಯವರು ತೋರಿಸಿದ ಕಾಗದದಲ್ಲಿ ಲೀಟರಿಗೆ 22 ಕಿಲೋಮೀಟರ್ ಎಂದಿತ್ತು. ಬ್ಯಾಂಕಿನ ಸಾಲದ ಕಂತನ್ನೂ ಅದರ ಮೇಲೆಯೇ ಲೆಕ್ಕ ಹಾಕಲಾಯಿತು. ಅಪ್ಪಯ್ಯ ತಮ್ಮ ಅಭ್ಯಾಸದಂತೆ ಒಂದು ಪುಸ್ತಕವಿಟ್ಟರು. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿ ಮೀಟರಿನ ಅಂಕಿ ಬರೆದುಕೊಳ್ಳುವುದು. ಮತ್ತೆ ಕಂಠಪೂರ್ತಿ ತುಂಬಿಸುವಾಗ ಎಷ್ಟು ಲೀಟರು ಹಿಡಿಯಿತು, ನಡುವೆ ಎಷ್ಟು ದೂರ ಓಡಿತು ಎಂದು ಭಾಗಿಸುವುದು. ಘಾಟಿ, ಮಳೆ, ಐದು ಜನ, ಮೇಲೆ ಸಾಮಾನು, ಇವೆಲ್ಲವನ್ನೂ ಹೊತ್ತು ಓಡಿದ ಗಾಡಿಗೆ ಬಂದದ್ದು 16.5. ತಿಂಗಳಿಗೆ 2500 ಕಿಲೋಮೀಟರ್ ಓಡಿಸಿದರೆ ಕಾಗದಕ್ಕೂ ದಾರಿಗೂ 38 ಲೀಟರಿನ ಅಂತರ. ನನ್ನ ಹಾಸ್ಟೆಲ್ಲಿನ ತಿಂಗಳ ಖರ್ಚು ಆ 38 ಲೀಟರಿನೊಳಗೆ ಅಡಗಿಹೋಗುತ್ತದೆ.

ಹಾಗೆಂದು ಆ ಕಾಗದದ ಅಂಕಿಯನ್ನು ಹಸಿ ಸುಳ್ಳೆನ್ನುವಂತೆಯೂ ಇಲ್ಲ. ಅದು ಪ್ರಯೋಗಾಲಯದಲ್ಲಿ, ಉರುಳೆಗಳ ಮೇಲೆ ಗಾಡಿಯನ್ನು ನಿಲ್ಲಿಸಿ, ಸುಮಾರು ಇಪ್ಪತ್ತು ನಿಮಿಷ ಒಂದು ಗೊತ್ತಾದ ಕ್ರಮದಲ್ಲಿ ಓಡಿಸಿ, ಅಳೆದು ಬರೆದ ಅಂಕಿ. ಎಲ್ಲ ಗಾಡಿಗಳಿಗೂ ಒಂದೇ ಪರೀಕ್ಷೆಯಾದ್ದರಿಂದ ಒಂದನ್ನು ಇನ್ನೊಂದರೊಡನೆ ಹೋಲಿಸಲು ಅದರಿಂದ ಪ್ರಯೋಜನವುಂಟು. ಆದರೆ ಆ ಪ್ರಯೋಗಾಲಯದಲ್ಲಿ ಆಗುಂಬೆ ಘಾಟಿ ಇಲ್ಲ. ಇದನ್ನು ಅಪ್ಪಯ್ಯ ಒಂದೇ ಮಾತಿನಲ್ಲಿ ಹೇಳಿದರು: “ಅದು ಮದುವೆ ದಿನ ತೆಗೆಸಿದ ಫೋಟೋ ಇದ್ದ ಹಾಗೆ ಮಾರಾಯ. ಅದರಲ್ಲಿರುವವನೂ ನಾನೇ. ಆದರೆ ದಿನಾ ಹಾಗಿರ್ತೀನಾ?”

ವೇಗದ ಮುಳ್ಳಿನ ವಿಷಯವೂ ಹೀಗೆಯೇ. ರಜೆಯಲ್ಲಿ ಒಮ್ಮೆ ಶಿವಮೊಗ್ಗದಾಚೆಯ ನೇರ ದಾರಿಯಲ್ಲಿ ಮುಳ್ಳನ್ನು 80ರ ಮೇಲೆ ನಿಲ್ಲಿಸಿ, ಕಿಲೋಮೀಟರ್ ಕಲ್ಲುಗಳನ್ನು ನಾನು ಗಡಿಯಾರ ಹಿಡಿದು ಎಣಿಸಿದೆ. ಐದು ಕಿಲೋಮೀಟರಿಗೆ ಸರಿಯಾಗಿ ನಾಲ್ಕು ನಿಮಿಷ. ಎಂದರೆ ಗಂಟೆಗೆ 75. ಮುಳ್ಳು ಐದು ಕಿಲೋಮೀಟರ್ ಹೆಚ್ಚು ಹೇಳುತ್ತಿತ್ತು. ಇದು ನಮ್ಮ ಗಾಡಿಯ ದೋಷವಲ್ಲ. ವಿಶ್ವಸಂಸ್ಥೆಯ ಆಶ್ರಯದಲ್ಲಿ ಮಾಡಿರುವ ನಿಯಮವೇ ಹಾಗಿದೆ. ಮುಳ್ಳು ನಿಜವಾದ ವೇಗಕ್ಕಿಂತ ಎಂದಿಗೂ ಕಡಮೆ ತೋರಿಸಕೂಡದು. ಹೆಚ್ಚು ತೋರಿಸುವುದಾದರೆ ಹತ್ತನೆಯ ಒಂದು ಪಾಲಿನ ಮೇಲೆ ನಾಲ್ಕು ಕಿಲೋಮೀಟರನ್ನು ಮೀರಕೂಡದು. ಜಾಣ ನಿಯಮ! ಸವಾರನ ಹೆಮ್ಮೆಗೂ ಸಂತೋಷ, ಅವನ ತಲೆಗೂ ಕ್ಷೇಮ. ‘ನಮ್ಮ ಮಾವನ ಗಾಡಿ 140 ಹೋಗಿತ್ತು’ ಎಂದು ಜಗುಲಿಯಲ್ಲಿ ಎದೆ ತಟ್ಟುವವರು ಈ ನಿಯಮವನ್ನು ತಿಳಿದಿದ್ದರೆ ಕ್ಷೇಮ.

ಎಲ್ಲ ಅಂತರಗಳೂ ಇಷ್ಟು ನಿರಪಾಯವಾದವಲ್ಲ. ಫೋಕ್ಸ್‌ವಾಗನ್ ಸಂಸ್ಥೆಯ ಡೀಸೆಲ್ ಗಾಡಿಗಳು ಪ್ರಯೋಗಾಲಯದಲ್ಲಿ ಶುದ್ಧವಾದ ಹೊಗೆ ಬಿಡುತ್ತಿದ್ದವು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ, ಹೊಗೆಯಳೆಯುವ ಯಂತ್ರವನ್ನು ಗಾಡಿಯ ಹಿಂಭಾಗದಲ್ಲಿಯೇ ಇಟ್ಟುಕೊಂಡು ಕ್ಯಾಲಿಫೋರ್ನಿಯದ ದಾರಿಗಳಲ್ಲಿ ಓಡಿಸಿತು. ಆ ತಂಡದ ವಿದ್ಯಾರ್ಥಿಗಳಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣನವರೂ ಒಬ್ಬರು. ದಾರಿಯ ಮೇಲೆ ಒಂದು ಗಾಡಿ ವಿಷಾನಿಲವನ್ನು ನಿಗದಿಯಾದ ಮಿತಿಯ 15ರಿಂದ 35 ಪಟ್ಟು ಬಿಡುತ್ತಿರುವುದು ಕಂಡಿತು. ಗಾಡಿಯೊಳಗಿನ ಗಣಕಕ್ಕೆ, ತಾನು ಪರೀಕ್ಷೆಯಲ್ಲಿದ್ದೇನೋ ದಾರಿಯಲ್ಲಿದ್ದೇನೋ ಎಂದು ಗುರುತಿಸುವ ವಿದ್ಯೆಯನ್ನು ಕಲಿಸಲಾಗಿತ್ತೆಂಬುದು 2015ರಲ್ಲಿ ಲೋಕಕ್ಕೆಲ್ಲ ತಿಳಿಯಿತು. ಪ್ರಪಂಚದಾದ್ಯಂತ ಅಂಥ ಗಾಡಿಗಳು ಸುಮಾರು 1 ಕೋಟಿ 10 ಲಕ್ಷ. ಮೇಲ್ವಿಚಾರಕರು ಕಣ್ಣಿಗೆ ಬಿದ್ದಾಗ ಮಾತ್ರ ಪುಸ್ತಕ ತೆರೆಯುವ ವಿದ್ಯಾರ್ಥಿಯನ್ನು ನಾವು ಕ್ಷಮಿಸಬಹುದು. ಅವನಿಂದ ಕೆಡುವುದು ಅವನ ಫಲಿತಾಂಶ ಮಾತ್ರ. ಇದರಿಂದ ಕೆಟ್ಟದ್ದು ಮಕ್ಕಳು ಉಸಿರಾಡುವ ಗಾಳಿ.

ಅಂಕಿಯೆಂಬುದು ಹೇಳುವವನ ಹೆಮ್ಮೆಗಾಗಿ ಇರುವುದಲ್ಲ, ಕೇಳುವವನ ಸಿದ್ಧತೆಗಾಗಿ ಇರುವುದು ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಕಳೆದ ಮಳೆಗಾಲದ ರಜೆಯಲ್ಲಿ. ರಾತ್ರಿ ಹತ್ತರ ಸಮಯ, ನೆರೆಮನೆಯ ಸೊಸೆಗೆ ದಿನ ತುಂಬುವ ಮೊದಲೇ ನೋವು ಕಾಣಿಸಿಕೊಂಡಿತು. ಅವರು ತೋರಿಸುತ್ತಿದ್ದ ಆಸ್ಪತ್ರೆ ಮಣಿಪಾಲದಲ್ಲಿ. ಊರಿನ ಇನ್ನೊಬ್ಬ ಚಾಲಕ ಆಗಲೇ ಬಂದು ನಿಂತಿದ್ದ. “ಒಂದೂವರೆ ಗಂಟೆಯಲ್ಲಿ ಮುಟ್ಟಿಸ್ತೇನೆ, ಹೆದರಬೇಡಿ” ಎಂದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಧೈರ್ಯ ತುಂಬಬೇಕೆಂದು ಹೇಳಿದ ಮಾತು. ಅಪ್ಪಯ್ಯ ಮಾತ್ರ, “ಎರಡೂವರೆ ಗಂಟೆ. ಘಾಟಿಯಲ್ಲಿ ಮರ ಬಿದ್ದಿದ್ರೆ ಹೇಳೋಕಾಗಲ್ಲ” ಎಂದರು. ಮನೆಯ ಯಜಮಾನರಿಗೆ ಸಿಟ್ಟು ಬಂತು. ಹೆಂಗಸರು ಅಳಲಾರಂಭಿಸಿದರು. ಆದರೆ ಆ ಮನೆಯ ಅಜ್ಜಮ್ಮ, “ಇಂವ ಹೇಳಿದ ಹೊತ್ತಿಗೆ ಬರೋನು. ಇವನ ಗಾಡಿಯಲ್ಲೇ ಹತ್ತಿಸಿ” ಎಂದುಬಿಟ್ಟರು.

ಗಾಡಿ ಹೊರಟ ಮೇಲೆ ಮಣಿಪಾಲದ ವೈದ್ಯರಿಗೆ ಫೋನು ಹೋಯಿತು. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಅವರು ಕೇಳಿದರು. ಮುಂದಿನ ಸೀಟಿನಲ್ಲಿದ್ದ ನಾನು, ಅಪ್ಪಯ್ಯ ಹೇಳಿದ್ದನ್ನೇ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ. ಬಳಿಕ ವೈದ್ಯರು, “ಅಷ್ಟು ಹೊತ್ತಾಗುವುದಾದರೆ ಘಾಟಿ ಇಳಿಯಬೇಡಿ. ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ” ಎಂದರು. ಅಪ್ಪಯ್ಯ ಮಾತನಾಡದೆ ಗಾಡಿಯನ್ನು ಆ ಕಡೆಗೆ ತಿರುಗಿಸಿದರು. ಹನ್ನೊಂದೂಮುಕ್ಕಾಲಕ್ಕೆ ಅಲ್ಲಿಯೇ ಹೆಣ್ಣು ಮಗು ಹುಟ್ಟಿತು. ತಾಯಿಯೂ ಮಗುವೂ ಕ್ಷೇಮ. ಆ ಹೊತ್ತಿಗೆ ನಾವು ಮಣಿಪಾಲದ ದಾರಿಯಲ್ಲಿ ಎಲ್ಲಿರುತ್ತಿದ್ದೆವೆಂದು ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ: ಆಗುಂಬೆಯ ತಿರುವುಗಳಲ್ಲಿ, ಮಳೆಯಲ್ಲಿ, ಕತ್ತಲಲ್ಲಿ.

ಅಂದು ಅಪ್ಪಯ್ಯನಿಗೆ ಸಿಕ್ಕಿದ್ದು ಹತ್ತು ಕಿಲೋಮೀಟರಿನ ಬಾಡಿಗೆ. ಮಣಿಪಾಲದ ಬಾಡಿಗೆ ಹೋಯಿತು. ನಿಜವಾದ ಅಂಕಿ ಹೇಳುವವನಿಗೆ ಇಂಥ ನಷ್ಟ ಆಗಾಗ ಆಗುತ್ತದೆ. ‘ಒಂದೂವರೆ ಗಂಟೆ’ ಎನ್ನುವವನ ಗಾಡಿಗೆ ಗಿರಾಕಿಗಳು ಹೆಚ್ಚು; ಇದನ್ನು ಅಪ್ಪಯ್ಯ ಬಲ್ಲರು. ದೊಡ್ಡ ಸಂಸ್ಥೆಗಳ ಕಷ್ಟವೂ ಇದೇ ಇರಬೇಕು. ಪಕ್ಕದವನು 500 ಎಂದು ಸಾರುತ್ತಿರುವಾಗ 455 ಎನ್ನಲು ಎದೆಗಾರಿಕೆ ಬೇಕು. ಕಾಗದವನ್ನು ನಂಬಿ ಕೊಳ್ಳುವ ನಾವೂ ಈ ವಿಷಯದಲ್ಲಿ ಅಷ್ಟು ಮುಗ್ಧರಲ್ಲ. ದೊಡ್ಡ ಅಂಕಿಯನ್ನೇ ಕೇಳಬಯಸುವವರು ನಾವೇ ತಾನೆ?

ಆದ್ದರಿಂದ ಜಗುಲಿಯ ಚರ್ಚೆಯನ್ನು ಕಾಲಹರಣವೆಂದು ಜರೆಯುವ ಹಿರಿಯರಲ್ಲಿ ನನ್ನದೊಂದು ವಿನಂತಿ. ಆ ಹುಡುಗರು ಸಾಮಾನ್ಯವಾಗಿ ಯಾರೂ ಕೇಳದ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಅಳೆದವರು ಯಾರು? ಯಾವ ದಾರಿಯಲ್ಲಿ? ಒಂದು ದಿಕ್ಕಿಗೋ, ಎರಡು ದಿಕ್ಕಿಗೋ? ಓಡಿಸಿದ ಗಾಡಿ ಮಾರುವ ಗಾಡಿಯೇ? ಸಾಕ್ಷಿ ಯಾರು? ಮೋಟಾರಿನ ವಿಚಾರದಲ್ಲಿ ಇವನ್ನು ಕೇಳಲು ಕಲಿತ ನಾಲಿಗೆ, ನಾಳೆ ಚುನಾವಣೆಯ ಪ್ರಣಾಳಿಕೆಯ ಮುಂದೆ, ಸರ್ಕಾರದ ವರದಿಯ ಮುಂದೆ, ಔಷಧಿಯ ಜಾಹೀರಾತಿನ ಮುಂದೆ ಸುಮ್ಮನಿರಲಾರದು. ನಮ್ಮ ಕಾಲೇಜಿನ ವಾರ್ಷಿಕ ವರದಿಯಲ್ಲಿ ನೂರಕ್ಕೆ ಇಷ್ಟು ಉತ್ತೀರ್ಣರೆಂದು ಓದಿದಾಗ, ಪರೀಕ್ಷೆಗೆ ಕುಳಿತವರನ್ನು ಎಣಿಸಿದಿರೋ, ಮೊದಲ ವರ್ಷ ಸೇರಿದವರನ್ನು ಎಣಿಸಿದಿರೋ ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿದರೆ, ಪೂಜ್ಯ ಪ್ರಾಂಶುಪಾಲರು ಅವನನ್ನು ಗದರಿಸದೆ, ಇವನು ಯಾವ ಹಾಸ್ಟೆಲ್ಲಿನವನೆಂದು ಒಂದು ಮಾತು ವಿಚಾರಿಸಬೇಕೆಂದು ಬೇಡುತ್ತೇನೆ.